ಗಾತ್ರದಿಂದ ಅಣುಸೂತ್ರ: ಅಡುಗೆ ಅನಿಲದ ಜಮಾ-ಖರ್ಚು

ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿರುವುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಮುಂಬಯಿ, ದೆಹಲಿಗಳಲ್ಲಿ ಕೊಳವೆಯ ಮೂಲಕ ಮನೆಗೆ ಬರುವುದು ಬಹುಪಾಲು ಮೀಥೇನ್. ಇವೆಲ್ಲವೂ ಇಂಗಾಲ ಮತ್ತು ಜಲಜನಕಗಳಿಂದ ಮಾತ್ರ ಆದ ಹೈಡ್ರೋಕಾರ್ಬನ್‌ಗಳು. ಇಂತಹ ಅನಿಲದ ಅಣುವೊಂದರಲ್ಲಿ ಯಾವ ಪರಮಾಣು ಎಷ್ಟಿದೆಯೆಂಬುದನ್ನು ಅದನ್ನು ದಹಿಸಿ, ಗಾತ್ರಗಳನ್ನು ಅಳೆದೇ ತಿಳಿಯಬಹುದು. ಕಾಲೇಜು ಮೆಟ್ಟಿಲೇರಿದ ನಮ್ಮ ಮಕ್ಕಳು ಬಾಯಿಪಾಠ ಮಾಡುವ ಈ ಲೆಕ್ಕದ ತಿರುಳು ಸರಳವಾದುದು.

ಅನಿಲಗಳು ಸರಳ ಗಾತ್ರಾನುಪಾತದಲ್ಲಿ ಸಂಯೋಗ ಹೊಂದುತ್ತವೆ ಎಂಬುದನ್ನು ಗೇ-ಲ್ಯುಸಾಕ್ 1808ರಲ್ಲಿ ತೋರಿಸಿದರು. ಒಂದೇ ಉಷ್ಣತೆ ಮತ್ತು ಒತ್ತಡದಲ್ಲಿ ಸಮಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮವೆಂದು ಅವೊಗಾಡ್ರೊ 1811ರಲ್ಲಿ ಪ್ರತಿಪಾದಿಸಿದರು. ಆದ್ದರಿಂದ ಗಾತ್ರವನ್ನು ಅಳೆಯುವುದೆಂದರೆ ಅಣುಗಳನ್ನು ಎಣಿಸಿದಂತೆಯೇ.

ಒಂದು ಉದಾಹರಣೆಯನ್ನು ನೋಡೋಣ. 10 ಮಿ.ಲೀ. ಹೈಡ್ರೋಕಾರ್ಬನ್ನನ್ನು 80 ಮಿ.ಲೀ. ಆಮ್ಲಜನಕದೊಡನೆ ಪೂರ್ಣವಾಗಿ ದಹಿಸಿ ತಣಿಸಿದಾಗ 60 ಮಿ.ಲೀ. ಅನಿಲ ಉಳಿಯಿತೆನ್ನೋಣ. ಉಂಟಾದ ಹಬೆ ನೀರಾಗಿರುವುದರಿಂದ ಅದರ ಗಾತ್ರ ಲೆಕ್ಕಕ್ಕಿಲ್ಲ. ಉಳಿದ ಅನಿಲವನ್ನು ಕಾಸ್ಟಿಕ್ ಪೊಟ್ಯಾಷ್ ದ್ರಾವಣದಲ್ಲಿ ಹಾಯಿಸಿದರೆ ಅದು ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಕೊನೆಗೆ 30 ಮಿ.ಲೀ. ಉಳಿಯುತ್ತದೆ. ಇದು ಖರ್ಚಾಗದ ಆಮ್ಲಜನಕ.

ಹಾಗಾದರೆ ಉಂಟಾದ ಇಂಗಾಲದ ಡೈಆಕ್ಸೈಡ್ 30 ಮಿ.ಲೀ., ಖರ್ಚಾದ ಆಮ್ಲಜನಕ 50 ಮಿ.ಲೀ. ಒಂದು ಪಾಲು ಅನಿಲಕ್ಕೆ ಮೂರು ಪಾಲು ಡೈಆಕ್ಸೈಡ್ ಬಂದುದರಿಂದ ಅಣುವಿನಲ್ಲಿ ಇಂಗಾಲದ ಪರಮಾಣುಗಳು ಮೂರು. ಖರ್ಚಾದ ಐದು ಪಾಲು ಆಮ್ಲಜನಕದಲ್ಲಿ ಮೂರು ಪಾಲು ಇಂಗಾಲಕ್ಕೆ ಸಂದಿತು. ಉಳಿದ ಎರಡು ನೀರಾಗಲು ಜಲಜನಕಕ್ಕೆ. ಆಮ್ಲಜನಕದ ಒಂದು ಅಣು ನಾಲ್ಕು ಜಲಜನಕ ಪರಮಾಣುಗಳನ್ನು ನೀರಾಗಿಸುತ್ತದೆ; ಎರಡು ಅಣುಗಳು ಎಂಟನ್ನು. ಆದ್ದರಿಂದ ಅಣುಸೂತ್ರ ಸಿ3ಎಚ್8, ಅಂದರೆ ಪ್ರೊಪೇನ್.

ಈ ಲೆಕ್ಕ ಪರೀಕ್ಷೆಯ ಕೊಠಡಿಯಲ್ಲಿಯೇ ಮುಗಿಯುವುದಿಲ್ಲ. ಒಂದು ಪಾಲು ಮೀಥೇನಿಗೆ ಎರಡು, ಪ್ರೊಪೇನಿಗೆ ಐದು, ಬ್ಯುಟೇನಿಗೆ ಆರೂವರೆ ಪಾಲು ಆಮ್ಲಜನಕ ಬೇಕು. ಗಾಳಿಯಲ್ಲಿ ಆಮ್ಲಜನಕವಿರುವುದು ಸುಮಾರು ಶೇ. 21 ಮಾತ್ರ, ಎಂದರೆ ಒಂದು ಪಾಲು ಪ್ರೊಪೇನ್ ಸುಮಾರು 24 ಪಾಲು ಗಾಳಿಯನ್ನು ಬೇಡುತ್ತದೆ. ಸಿಲಿಂಡರಿನಿಂದ ಕೊಳವೆ ಅನಿಲಕ್ಕೆ ಬದಲಾಗುವಾಗ ಒಲೆಯ ಜೆಟ್ಟನ್ನು ತಜ್ಞರಿಂದಲೇ ಹೊಂದಿಸಿಕೊಳ್ಳಬೇಕಾದುದಕ್ಕೆ ಇದೂ ಒಂದು ಕಾರಣ.

ಗಾಳಿ ಸಾಲದೆ ಹೋದರೆ ಇಂಗಾಲ ಅರ್ಧ ಉರಿದು, ಬಣ್ಣವೂ ವಾಸನೆಯೂ ಇಲ್ಲದ ವಿಷವಾದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಕಿಟಕಿ ಮುಚ್ಚಿದ ಸಣ್ಣ ಸ್ನಾನಗೃಹದೊಳಗೆ ಗ್ಯಾಸ್ ಗೀಸರ್ ಉರಿಸುವುದು ಪ್ರಾಣಾಪಾಯಕರವಾಗುವುದು ಇದರಿಂದಲೇ. ಫ್ಲಾಟುಗಳಲ್ಲಿ ವಾಸಿಸುವ ನಾವು ಗೀಸರನ್ನು ಸ್ನಾನಗೃಹದ ಹೊರಗೆ, ಗಾಳಿಯಾಡುವೆಡೆಯಲ್ಲಿ ಇರಿಸುವುದು ಕ್ಷೇಮ.