ಕಿಬ್ಬೊಟ್ಟೆಯ ಕೆಳಗಿನ ತೊಂದರೆಗೆ ಯಾವ ಡಾಕ್ಟರು?

ತಪ್ಪು ಕಲ್ಪನೆ: ಎರಡು ಹೆರಿಗೆಯಾದ ಮೇಲೆ ಕೆಮ್ಮಿದರೆ, ಸೀನಿದರೆ ನಾಲ್ಕು ಹನಿ ಮೂತ್ರ ಹೋಗುವುದು ಇದ್ದದ್ದೇ. ಅದಕ್ಕೆಲ್ಲ ಡಾಕ್ಟರು ಯಾಕೆ?

ಸತ್ಯ: ಹತ್ತು ಜನರಿಗೆ ಇದೆ ಎಂದಮಾತ್ರಕ್ಕೆ ಒಂದು ತೊಂದರೆಯನ್ನು ಸಹಿಸಿಕೊಂಡೇ ಇರಬೇಕೆಂದಿಲ್ಲ. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರನ್ನೂ ಕೆಳಗಿನಿಂದ ಜೋಲಿಯ ಹಾಗೆ ಹೊತ್ತಿರುವ ಸ್ನಾಯುಗಳಿವೆ (ಪೆಲ್ವಿಕ್ ಫ್ಲೋರ್). ಹೆರಿಗೆಯಲ್ಲಿ ಅವು ಹಿಗ್ಗುತ್ತವೆ. ವರ್ಷಗಟ್ಟಲೆಯ ಮಲಬದ್ಧತೆ, ಬಿಡದ ಕೆಮ್ಮು, ಭಾರ ಹೊರುವ ಕೆಲಸ, ಮುಟ್ಟು ನಿಂತ ಮೇಲೆ ಕುಗ್ಗುವ ಹಾರ್ಮೋನು, ಇವೆಲ್ಲ ಸೇರಿ ಅವನ್ನು ಇನ್ನಷ್ಟು ಸಡಿಲಿಸುತ್ತವೆ. ನಕ್ಕಾಗ, ಕೊಡ ಎತ್ತಿದಾಗ ಮೂತ್ರ ಸೋರಿದರೆ ಮೊದಲ ಚಿಕಿತ್ಸೆ ಮಾತ್ರೆಯೂ ಅಲ್ಲ, ಆಪರೇಷನ್ನೂ ಅಲ್ಲ. ತಿಳಿದವರು ಹೇಳಿಕೊಟ್ಟು, ಆಗಾಗ ನೋಡುತ್ತ, ಕನಿಷ್ಠ 3 ತಿಂಗಳು ಮಾಡಿಸುವ ಸ್ನಾಯುವಿನ ವ್ಯಾಯಾಮ. ‘ಬಂತು’ ಎನ್ನುವಷ್ಟರಲ್ಲಿ ಬಚ್ಚಲು ಮುಟ್ಟುವ ಮೊದಲೇ ಹೋಗಿಬಿಡುವುದು ಬೇರೆ ತೊಂದರೆ. ಅದರಲ್ಲಿ ಮೂತ್ರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚು ಹೊತ್ತು ತಡೆಯುವ ಅಭ್ಯಾಸ ಮಾಡಿಸುತ್ತಾರೆ, ಬೇಕಾದರೆ ಮಾತ್ರೆ ಕೊಡುತ್ತಾರೆ. ಉರಿಮೂತ್ರವಿದ್ದರೆ ಊರಿನ ಎಂಬಿಬಿಎಸ್ ಡಾಕ್ಟರೇ ಮೂತ್ರಪರೀಕ್ಷೆ ಮಾಡಿಸಿ ಔಷಧಿ ಕೊಡಬಲ್ಲರು.

ಆದ್ದರಿಂದ ಡಾಕ್ಟರನ್ನು ಆರಿಸುವಾಗ ‘ಎಲ್ಲಿ ತೊಂದರೆ’ ಎನ್ನುವುದಕ್ಕಿಂತ ‘ಏನಾಗುತ್ತಿದೆ, ಯಾವಾಗ ಆಗುತ್ತಿದೆ’ ಎನ್ನುವುದು ಮುಖ್ಯ. ಹೆಂಗಸರು ಗೈನಕಾಲಜಿಸ್ಟರಿಂದ ಶುರುಮಾಡಬಹುದು. ಮೂತ್ರದಲ್ಲಿ ರಕ್ತ ಬಂದರೆ, ಮೂತ್ರ ಕಟ್ಟಿದರೆ, ಕಲ್ಲಿದ್ದರೆ ಯೂರಾಲಜಿಸ್ಟ್. ಗರ್ಭಕೋಶ ಜಾರುವುದು, ಮೂತ್ರ ಸೋರುವುದು ಎರಡೂ ಒಟ್ಟಿಗಿದ್ದರೆ ಯೂರೋಗೈನಕಾಲಜಿಯಲ್ಲಿ ತರಬೇತಿ ಪಡೆದವರು. ಇಂಥವರು ನಮ್ಮಲ್ಲಿ ಕಡಿಮೆ, ಹೆಚ್ಚಾಗಿ ದೊಡ್ಡ ಊರುಗಳಲ್ಲೇ ಸಿಗುತ್ತಾರೆ. ಒಂದು ಸಂದರ್ಭದಲ್ಲಂತೂ ಯಾರು ಎಂದು ಯೋಚಿಸುತ್ತ ಕೂರಲೇಬಾರದು: ಸೊಂಟನೋವಿನ ಜೊತೆ ಕೂರುವ ಜಾಗ ಜೋಮು ಹಿಡಿದು, ಕಾಲಿನ ಬಲ ಕುಂದಿ, ಮೂತ್ರದ ಹಿಡಿತವೂ ತಪ್ಪಿದರೆ ಅದು ಬೆನ್ನುಹುರಿಯ ಬುಡದ ನರಗಳು ಅದುಮಿಕೊಂಡಿರುವ ಸೂಚನೆಯಾಗಿರಬಹುದು. ಅವತ್ತೇ, ಆ ಗಳಿಗೆಯಲ್ಲೇ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ತಪ್ಪು ಕಲ್ಪನೆ: ಬಿಳಿಮುಟ್ಟು, ಹೊಟ್ಟೆನೋವು, ಗರ್ಭಕೋಶ ಜಾರಿದ್ದು, ಯಾವುದೇ ಇರಲಿ, ಮಕ್ಕಳಾದ ಮೇಲೆ ಗರ್ಭಕೋಶ ತೆಗೆಸಿಬಿಟ್ಟರೆ ಪೀಡೆ ಕಳೆಯಿತು.

ಸತ್ಯ: ಈ ಒಂದು ನಂಬಿಕೆ ನಮ್ಮ ಹೆಣ್ಣುಮಕ್ಕಳಿಗೆ ಮಾಡಿರುವಷ್ಟು ಅನ್ಯಾಯ ಬೇರೆ ಯಾವುದೂ ಮಾಡಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಸಣ್ಣ ವಯಸ್ಸಿನ ಬಡ ಹೆಂಗಸರ ಗರ್ಭಕೋಶಗಳನ್ನು ಅಗತ್ಯವಿಲ್ಲದೆ ತೆಗೆಯಲಾಗಿದೆ ಎಂಬ ದೂರು 2015ರ ಹೊತ್ತಿಗೆ ದೊಡ್ಡ ಸುದ್ದಿಯಾಗಿ ತನಿಖೆಗಳಾದವು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯಲು ಹೋಗುವ ಹೆಂಗಸರ ಕಥೆಯೂ ಹೀಗೇ ಹೊರಬಂತು. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಇಂಥ ಆಪರೇಷನ್‌ಗಳನ್ನು ತಡೆಯುವ ಮಾರ್ಗಸೂಚಿ ಹೊರಡಿಸಿತು. ಎಲ್ಲ ರಾಜ್ಯಗಳೂ ಅದನ್ನು 3 ತಿಂಗಳಲ್ಲಿ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿತು.

ಬಿಳಿಮುಟ್ಟಿಗೆ ಬಹಳ ಸಲ ಸೋಂಕು ಕಾರಣ, ಅದು ಔಷಧಿಗೆ ವಾಸಿಯಾಗುತ್ತದೆ. ಜಿಲ್ಲಾಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಇದಕ್ಕೆ ಉಚಿತ ಚಿಕಿತ್ಸೆಯಿದೆ. ಜಾರಿದ ಗರ್ಭಕೋಶಕ್ಕೆ ಆರಂಭದಲ್ಲಿ ವ್ಯಾಯಾಮ ಸಹಾಯ ಮಾಡುತ್ತದೆ. ಪೆಸರಿ ಎಂಬ ಮೆತ್ತನೆಯ ಸಿಲಿಕೋನ್ ಬಳೆಯನ್ನು ಒಳಗಿಟ್ಟು, ಆಗಾಗ ತೆಗೆದು ತೊಳೆದು, ವರ್ಷಗಟ್ಟಲೆ ನೆಮ್ಮದಿಯಾಗಿರುವವರಿದ್ದಾರೆ. ಗರ್ಭಕೋಶವನ್ನು ಉಳಿಸಿಕೊಂಡೇ ಮೇಲಕ್ಕೆತ್ತಿ ಹೊಲಿಯುವ ಆಪರೇಷನ್ನೂ ಇದೆ. ಇನ್ನು ಗರ್ಭಕೋಶ ತೆಗೆದರೂ ಹೊತ್ತು ನಿಲ್ಲಿಸುವ ಸ್ನಾಯುಗಳು ಸಡಿಲವಾಗಿಯೇ ಇರುವುದರಿಂದ ಯೋನಿಯ ಮೇಲ್ತುದಿ ಜಾರಬಹುದು, ಮೂತ್ರಕೋಶ ಇಳಿಯಬಹುದು. ಜೊತೆಗೆ ಅಂಡಾಶಯವನ್ನೂ ತೆಗೆದುಬಿಟ್ಟರೆ ಮುಟ್ಟು ನಿಲ್ಲುವ ವಯಸ್ಸಿಗೆ ಮೊದಲೇ ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆಯ ಅಪಾಯ ಏರುತ್ತದೆ. ಕ್ಯಾನ್ಸರ್, ಬೇರೆ ಯಾವುದಕ್ಕೂ ಬಗ್ಗದ ರಕ್ತಸ್ರಾವ, ಬಹಳ ದೊಡ್ಡ ಗಡ್ಡೆ ಇಂಥವುಗಳಲ್ಲಿ ಗರ್ಭಕೋಶ ತೆಗೆಯಬೇಕಾಗುತ್ತದೆ, ಆಗ ಹಿಂಜರಿಯಬಾರದು. ಉಳಿದ ಸಂದರ್ಭದಲ್ಲಿ ಮೊದಲ ಭೇಟಿಯಲ್ಲೇ ‘ತೆಗೆಸಿಬಿಡಿ, ಇಲ್ಲದಿದ್ದರೆ ಕ್ಯಾನ್ಸರ್ ಆಗುತ್ತೆ’ ಎಂದು ಹೆದರಿಸಿದರೆ ಅಲ್ಲಿಂದ ಎದ್ದು ಬನ್ನಿ. ಸ್ಕ್ಯಾನ್ ರಿಪೋರ್ಟು, ಚೀಟಿಗಳನ್ನು ಇಸಿದುಕೊಂಡು ಬೇರೆ ಡಾಕ್ಟರಿಗೆ ತೋರಿಸಿ. ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ ದಾಖಲೆ ಪಡೆಯುವುದೂ, ಎರಡನೇ ಅಭಿಪ್ರಾಯ ಕೇಳುವುದೂ ಸೇರಿವೆ. ಒಳ್ಳೆಯ ಡಾಕ್ಟರು ಇದಕ್ಕೆ ಬೇಸರಪಡುವುದಿಲ್ಲ.

ತಪ್ಪು ಕಲ್ಪನೆ: ಈ ಸ್ನಾಯುಗಳನ್ನು ಬಿಗಿಮಾಡುವ ಕೀಗಲ್ ವ್ಯಾಯಾಮ ಮೊಬೈಲಿನಲ್ಲಿ ಸಿಗುತ್ತದೆ, ಯಾರು ಬೇಕಾದರೂ ಮಾಡಬಹುದು.

ಸತ್ಯ: ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೀಗಲ್ 1948ರಲ್ಲಿ ಇದನ್ನು ಪ್ರಕಟಿಸಿದಾಗ ಬರೀ ಬಾಯಲ್ಲಿ ಹೇಳಿ ಕಳಿಸಿರಲಿಲ್ಲ. ಸರಿಯಾದ ಸ್ನಾಯು ಬಿಗಿಯಾಗುತ್ತಿದೆಯೇ ಎಂದು ಅಳೆದು ತೋರಿಸುವ ಉಪಕರಣವನ್ನೂ ಬಳಸಿದ್ದರು. ಹೇಳಿಕೆ ಕೇಳಿ ಮಾಡುವವರಲ್ಲಿ ಎಷ್ಟೋ ಜನ ಹೊಟ್ಟೆ, ತೊಡೆ ಬಿಗಿಹಿಡಿಯುತ್ತಾರೆ, ಕೆಲವರು ಕೆಳಕ್ಕೆ ಮುಕ್ಕುತ್ತಾರೆ. ಇನ್ನೊಂದು ಸಂಗತಿಯನ್ನು ಹೇಳುವವರೇ ಕಡಿಮೆ: ಎಲ್ಲರ ಸ್ನಾಯುವೂ ಸಡಿಲವಿರುವುದಿಲ್ಲ. ಕೆಲವರಲ್ಲಿ ಅದು ಬಿಗಿದುಕೊಂಡಿರುತ್ತದೆ. ಮದುವೆಯಾದ ಹೊಸದರಲ್ಲಿ ಸಂಭೋಗ ಆಗದಷ್ಟು ನೋವು ಪಡುವ ಹುಡುಗಿಯರ ತೊಂದರೆ ಎಷ್ಟೋ ಸಲ ಇದೇ. ಅವರಿಗೆ ಬಿಗಿಮಾಡುವ ವ್ಯಾಯಾಮ ನೋವನ್ನು ಹೆಚ್ಚಿಸಬಹುದು. ಬೇಕಾದದ್ದು ಸಡಿಲಿಸುವ ಅಭ್ಯಾಸ, ಅದನ್ನು ಬಲ್ಲ ಫಿಸಿಯೋಥೆರಪಿಸ್ಟ್, ಭಯವಿದ್ದರೆ ಆಪ್ತಸಮಾಲೋಚಕರು. ಈ ತೊಂದರೆ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಆದರೂ ಹುಡುಗಿಗೆ ‘ಹಟಮಾರಿ’ ಎಂಬ ಹೆಸರು ಬಂದು, ಸಂಸಾರಗಳು ಮುರಿದುಬೀಳುತ್ತವೆ.

ಮಂಡಿ, ಭುಜ ನೋಡುವ ಎಲ್ಲ ಫಿಸಿಯೋಥೆರಪಿಸ್ಟರಿಗೂ ಈ ಕೆಲಸ ಗೊತ್ತಿರುವುದಿಲ್ಲ. ಪೆಲ್ವಿಕ್ ಫ್ಲೋರ್ ಚಿಕಿತ್ಸೆಯಲ್ಲಿ ತರಬೇತಿ ಆಗಿದೆಯೇ, ಸ್ನಾಯುವಿನ ಬಲವನ್ನು ಪರೀಕ್ಷೆ ಮಾಡಿ ನೋಡುತ್ತೀರಾ ಎಂದು ಫೋನಿನಲ್ಲೇ ಕೇಳಿ.

ತಪ್ಪು ಕಲ್ಪನೆ: ಮದುವೆಯಾಗದ ಹುಡುಗಿಯನ್ನು ಗೈನಕಾಲಜಿಸ್ಟ್ ಹತ್ತಿರ ಕರೆದುಕೊಂಡು ಹೋಗಬಾರದು.

ಸತ್ಯ: ಮುಟ್ಟಿನ ನೋವಿಗೆ ಕಾಲೇಜು ತಪ್ಪುತ್ತಿದ್ದರೆ ಖಂಡಿತ ಹೋಗಬೇಕು. ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನ್ ಮಾಡುತ್ತಾರೆ, ಒಳಪರೀಕ್ಷೆ ಮಾಡಲೇಬೇಕೆಂದಿಲ್ಲ. ಇಂಥ ನೋವು ತರುವ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆ ಸ್ಕ್ಯಾನಿನಲ್ಲಿ ಕಾಣದೆಯೂ ಇರಬಹುದು. ‘ಸ್ಕ್ಯಾನ್ ನಾರ್ಮಲ್, ಮದುವೆಯಾದರೆ ಸರಿಹೋಗುತ್ತೆ’ ಎನ್ನುವವರನ್ನು ಬಿಟ್ಟು, ನೋವನ್ನು ನಂಬುವ ಡಾಕ್ಟರನ್ನು ಹುಡುಕಿ.

ತಪ್ಪು ಕಲ್ಪನೆ: ಮಲದಲ್ಲಿ ರಕ್ತ ಬಂದರೆ ಮೂಲವ್ಯಾಧಿ. ಬಸ್‌ಸ್ಟ್ಯಾಂಡ್ ಪಕ್ಕ ಬೋರ್ಡ್ ಹಾಕಿಕೊಂಡವರ ಒಂದು ಇಂಜೆಕ್ಷನ್ ಸಾಕು.

ಸತ್ಯ: ಬಿರುಕು, ಫಿಸ್ತುಲ, ಕರುಳಿನ ಹುಣ್ಣು, ಗುದನಾಳದ ಕ್ಯಾನ್ಸರ್ ಎಲ್ಲದರಲ್ಲೂ ರಕ್ತ ಬರಬಹುದು. ಬೆರಳಿನಿಂದ ಪರೀಕ್ಷೆ ಮಾಡದೆ ‘ಪೈಲ್ಸ್’ ಎಂದವರನ್ನು ನಂಬಬೇಡಿ. ಹೋಗಬೇಕಾದದ್ದು ಎಂಎಸ್ ಮಾಡಿದ ಸರ್ಜನ್ ಹತ್ತಿರ. ಫಿಸ್ತುಲಕ್ಕೆ ಆಯುರ್ವೇದದ ಕ್ಷಾರಸೂತ್ರ ಮಾನ್ಯ ಚಿಕಿತ್ಸೆಯೇ. ಅದನ್ನು ಶಲ್ಯತಂತ್ರ ಓದಿದ ವೈದ್ಯರು ಮಾಡಬೇಕು, ಬೋರ್ಡ್ ಬರೆಸಿದವರೆಲ್ಲ ಅಲ್ಲ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳು ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಾಯಿಸಿಕೊಳ್ಳಬೇಕು. ಆ ನೋಂದಣಿ ಸಂಖ್ಯೆ ಗೋಡೆಯ ಮೇಲಿಲ್ಲದಿದ್ದರೆ ಒಳಗೆ ಹೋಗಬೇಡಿ.

ತಪ್ಪು ಕಲ್ಪನೆ: ಇವೆಲ್ಲ ಹೆಂಗಸರ ಕಾಯಿಲೆಗಳು.

ಸತ್ಯ: ಅದೇ ಸ್ನಾಯುಗಳು ಗಂಡಸರಲ್ಲೂ ಇವೆ. ವಯಸ್ಸಾದವರಿಗೆ ಪ್ರಾಸ್ಟೇಟ್ ಊದಿ ಮೂತ್ರ ನಿಂತು ನಿಂತು ಬರುವುದು ಯೂರಾಲಜಿಸ್ಟರ ವಿಷಯ. ಬೆಂಗಳೂರಿನ ಸರ್ಕಾರಿ ನೆಫ್ರೋ ಯೂರಾಲಜಿ ಸಂಸ್ಥೆಯಂಥ ಕಡೆ ಇದಕ್ಕೆ ಚಿಕಿತ್ಸೆ ಸಿಗುತ್ತದೆ. ಹರೆಯದವರ ವೃಷಣದ ಹಿಂಭಾಗದ ನೋವನ್ನು ‘ಪ್ರಾಸ್ಟೇಟ್ ಸೋಂಕು’ ಎಂದು ತಿಂಗಳುಗಟ್ಟಲೆ ಆಂಟಿಬಯೋಟಿಕ್ ಕೊಡುವುದುಂಟು. ದೀರ್ಘಕಾಲದ ಇಂಥ ನೋವಿನಲ್ಲಿ ಬಹುಪಾಲು ಸಲ ಬ್ಯಾಕ್ಟೀರಿಯಾ ಇರುವುದೇ ಇಲ್ಲ, ಸ್ನಾಯುವಿನ ಬಿಗಿತವಿರಬಹುದು. ‘ಗುಪ್ತರೋಗ’ದ ಜಾಹೀರಾತುಗಳು ಮಾರುವುದು ಈ ನಾಚಿಕೆಯನ್ನೇ.

ನಾಚಿಕೆಯ ಮಾತು ಬಂದಾಗ ಇದೂ ತಿಳಿದಿರಲಿ: ಗಂಡಸು ಡಾಕ್ಟರು ಹೆಂಗಸರನ್ನು ಪರೀಕ್ಷೆ ಮಾಡುವಾಗ ಪಕ್ಕದಲ್ಲಿ ಇನ್ನೊಬ್ಬ ಹೆಂಗಸು ಇರಬೇಕೆಂದು ಕೇಳುವುದು ಅವರ ಹಕ್ಕು. ಲೇಡಿ ಡಾಕ್ಟರು ಸಿಗಲಿಲ್ಲವೆಂದು ತಿಂಗಳುಗಟ್ಟಲೆ ಮುಂದೂಡಬೇಡಿ, ಅದರಲ್ಲೂ ಮುಟ್ಟು ನಿಂತ ಮೇಲೆ ಒಂದು ಸಲವಾದರೂ ರಕ್ತ ಕಾಣಿಸಿಕೊಂಡಿದ್ದರೆ.

ಮೂತ್ರದ ತೊಂದರೆಯಿದ್ದರೆ ಹೋಗುವ ಮೊದಲು 3 ದಿನ ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ನೀರು, ಕಾಫಿ ಕುಡಿದಿರಿ, ಎಷ್ಟು ಹೊತ್ತಿಗೆ ಮೂತ್ರಕ್ಕೆ ಹೋದಿರಿ, ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದಿರಿ. ಆ ಹಾಳೆಯನ್ನು ಡಾಕ್ಟರ ಮುಂದಿಡಿ. ಅದನ್ನು ಓದಿ, ನಿಮ್ಮನ್ನು ಪರೀಕ್ಷೆ ಮಾಡಿ, ಆಮೇಲೆ ಚೀಟಿ ಬರೆಯುವವರ ಹತ್ತಿರ ಚಿಕಿತ್ಸೆ ತೆಗೆದುಕೊಳ್ಳಿ.