ಬಾಯಿಂದ ಬಾಯಿಗೆ ಬಂದ ಧೈರ್ಯ

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹಾದಿಯಲ್ಲಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರವಿದೆ. ಈ ಸೀಮೆಯ ಹಳ್ಳಿಗಳಲ್ಲಿ ಅಮಾವಾಸ್ಯೆಯ ರಾತ್ರಿ ಏಕತಾರಿ, ದಮ್ಮಡಿ, ತಾಳಗಳೊಂದಿಗೆ ತತ್ವಪದಗಳ ಭಜನೆ ನಡೆಯುವುದುಂಟು. ಹಗಲೆಲ್ಲ ತೊಗರಿಯ ಹೊಲದಲ್ಲಿ ದುಡಿದವರೇ ಅಲ್ಲಿ ಹಾಡುಗಾರರು.

ಈ ಪರಂಪರೆಯ ಹಿರಿಯರು ಕಡಕೋಳದ ಮಡಿವಾಳಪ್ಪನವರು. ಚೆನ್ನೂರಿನ ಜಲಾಲಸಾಹೇಬರೂ ಅವರ ಶಿಷ್ಯರೇ. ಮತಭೇದದ ಗೋಡೆ ಅಲ್ಲಿ ನಿಲ್ಲಲಿಲ್ಲ. ಪಂಡಿತರ ಮನ್ನಣೆಗೆ ಕಾಯದೆ ಈ ಪದಗಳು ಬದುಕಿದ್ದೇಕೆ? ಹೊಲ, ಬೀಜ, ಬೀಸುವ ಕಲ್ಲು ಮೊದಲಾದ ಕಂಡ ವಸ್ತುಗಳಿಂದಲೇ ಅವು ಕಾಣದ ಸತ್ಯವನ್ನು ತೋರಿಸುತ್ತವೆ. ಪಲ್ಲವಿ ಮರಳಿ ಮರಳಿ ಬರುವುದರಿಂದ ಅಕ್ಷರವರಿಯದವರಿಗೂ ಕಂಠಸ್ಥವಾಗುತ್ತವೆ. ಒಬ್ಬರು ಹಾಡಿದ್ದನ್ನು ಎಲ್ಲರೂ ಎತ್ತಿಕೊಳ್ಳುವಾಗ ದುಃಖಿತನು ಒಂಟಿಯಾಗಿ ಉಳಿಯುವುದಿಲ್ಲ.

1943ರಲ್ಲಿ ಪ್ರಕಟವಾದ ಡಿ.ವಿ.ಜಿ.ಯವರ 945 ಪದ್ಯಗಳ ‘ಮಂಕುತಿಮ್ಮನ ಕಗ್ಗ’ವನ್ನು ಇಂದಿಗೂ ಜನರು ಸಂಕಟದ ವೇಳೆ ನೆನೆಯುವುದು ಇಂಥದೇ ಕಾರಣದಿಂದ. ಅಸಿಸಿಯ ಸಂತ ಫ್ರಾನ್ಸಿಸ್ಸರೂ 1225ರ ಸುಮಾರಿಗೆ, ರೋಗದಿಂದ ಕಣ್ಣು ಮಂಜಾಗಿದ್ದ ದಿನಗಳಲ್ಲಿ, ಸೂರ್ಯಚಂದ್ರರನ್ನು ಸೋದರ ಸೋದರಿಯರೆಂದು ಕರೆದು ದೇವಸ್ತುತಿಯನ್ನು ರಚಿಸಿದರು. ಅದಕ್ಕೆ ಅವರು ಆರಿಸಿಕೊಂಡದ್ದು ಲ್ಯಾಟಿನನ್ನಲ್ಲ, ತಮ್ಮೂರ ಜನರ ಆಡುಮಾತನ್ನು.

ಹಾಡುವ ಹಿರಿಯರು ಅಗಲಿದಂತೆ ಅವರ ನೆನಪಿನಲ್ಲಿದ್ದ ಪದಗಳೂ ಅಗಲುತ್ತವೆ. ಕೈಬರಹದ ವಹಿಗಳು ಗೆದ್ದಲಿಗೆ ತುತ್ತಾಗುತ್ತವೆ. ನಮ್ಮ ಮನೆಗಳಲ್ಲಿಯೂ ಅಜ್ಜಿಯರು ಮಾತ್ರ ಬಲ್ಲ ಭಕ್ತಿಗೀತೆಗಳಿಲ್ಲವೇ? ಇಂದು ಸಂಜೆ ಜಪಸರ ಮುಗಿದ ಬಳಿಕ ಮಕ್ಕಳನ್ನು ಅವರ ಬಳಿ ಕೂರಿಸೋಣ. ಒಂದು ಹಾಡನ್ನಾದರೂ ಬರೆದುಕೊಳ್ಳಲಿ. ಬರೆದುದನ್ನು ಒಮ್ಮೆ ಅಜ್ಜಿಯೊಡನೆ ಹಾಡಲಿ.