ರಕ್ತದಲ್ಲಿ ಬಂದ ಬಳುವಳಿ

ಕಾಳೀನದಿಯ ದಡದ ಕೈಗಾ ಗ್ರಾಮವುಳ್ಳ ಉತ್ತರ ಕನ್ನಡ ಜಿಲ್ಲೆಯು ಒಂದು ಕಾಲದಲ್ಲಿ ಚಳಿಜ್ವರಕ್ಕೆ ಹೆಸರಾಗಿತ್ತು. 1946ರಲ್ಲಿ ಈ ಜಿಲ್ಲೆಯಲ್ಲಿಯೂ ಧಾರವಾಡ ಜಿಲ್ಲೆಯಲ್ಲಿಯೂ ಡಾಕ್ಟರ್ ವಿಶ್ವನಾಥನ್ ಎಂಬವರ ನೇತೃತ್ವದಲ್ಲಿ ಮನೆಮನೆಗೂ ಡಿ.ಡಿ.ಟಿ. ಸಿಂಪಡಿಸುವ ಕಾರ್ಯವು ಆರಂಭವಾಗಿ ಮಲೇರಿಯವು ತಗ್ಗಿತು. ಆದರೆ ಜ್ವರವು ತಗ್ಗಿದರೂ, ಲೋಕದ ಅನೇಕ ಮಲೇರಿಯ ನಾಡುಗಳಲ್ಲಿ ಅದು ಮನುಷ್ಯರ ರಕ್ತದೊಳಗೆ ಬಿಟ್ಟ ಗುರುತು ಅಳಿಯುವದಿಲ್ಲ. ಅಂಥ ಗುರುತುಗಳಲ್ಲೊಂದಾದ ಕುಡುಗೋಲು ಕಣರೋಗವನ್ನು ಕುರಿತು ನಮ್ಮ ಭಗಿನಿಯರು ಅರಿತಿರಬೇಕೆಂದು ನಾವು ಬಯಸುತ್ತೇವೆ.

ಆರೋಗ್ಯವಂತರ ಕೆಂಪು ರಕ್ತಕಣವು ನಾಣ್ಯದಂತೆ ಗುಂಡಗೂ ಮೃದುವಾಗಿಯೂ ಇದ್ದು, ಸುಮಾರು 120 ದಿನ ಬದುಕುತ್ತದೆ. ಅದರೊಳಗಿನ ಹಿಮೋಗ್ಲೋಬಿನ್ನಿನ ಒಂದು ಸರಪಳಿಯ 146 ಕೊಂಡಿಗಳಲ್ಲಿ ಒಂದೇ ಒಂದು ಬದಲಾದರೆ, ಪ್ರಾಣವಾಯುವು ಕಡಿಮೆಯಾದಾಗ ಕಣವು ಬಿರುಸಾಗಿ ಕುಡುಗೋಲಿನಂತೆ ಬಾಗುತ್ತದೆ. ಇಂಥ ಕಣಗಳು ಸಣ್ಣ ರಕ್ತನಾಳಗಳನ್ನು ಮುಚ್ಚಿ ಎಲುಬುಗಳಲ್ಲಿ ತೀವ್ರವಾದ ನೋವನ್ನುಂಟುಮಾಡುತ್ತವೆ. ತಾವೂ 10–20 ದಿನಗಳಲ್ಲಿ ನಾಶವಾಗುವದರಿಂದ ರಕ್ತಹೀನತೆಯುಂಟಾಗುತ್ತದೆ.

ಈ ದೋಷವು ಅಂಟುರೋಗವಲ್ಲ, ಹುಟ್ಟಿನಿಂದ ಬರತಕ್ಕದ್ದು. ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಇದನ್ನು ಪಡೆದ ಮಗುವು ವಾಹಕವೆನಿಸಿದರೂ ಸಾಮಾನ್ಯವಾಗಿ ಸುಖವಾಗಿರುತ್ತದೆ. ಮಾತ್ರವಲ್ಲ, ಅಂಥವರಿಗೆ ಕಠಿಣ ಮಲೇರಿಯದಿಂದ ರಕ್ಷಣೆಯುಂಟೆಂದು 1954ರಲ್ಲಿ ಆಲಿಸನ್ ಎಂಬ ವೈದ್ಯರು ತೋರಿಸಿದರು. ಈ ದೋಷವು ಜ್ವರದ ನಾಡುಗಳಲ್ಲಿ ಉಳಿದುಬಂದ ಕಾರಣವೇ ಇದು. ಆದರೆ ದಂಪತಿಗಳಿಬ್ಬರೂ ವಾಹಕರಾದರೆ, ಪ್ರತಿಯೊಂದು ಗರ್ಭದಲ್ಲಿಯೂ ರೋಗವು ಬರುವ ಸಂಭವವು 4ರಲ್ಲಿ 1 ಪಾಲು.

ಭಾರತದಲ್ಲಿ ಇದು 1952ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ ಗೊತ್ತಾಯಿತು. ನಮ್ಮ ಕರ್ನಾಟಕದ ಸೋಲಿಗ, ಜೇನುಕುರುಬ ಮೊದಲಾದವರಲ್ಲಿಯೂ ಕಂಡುಬಂದಿದೆ. 2047ರೊಳಗೆ ಇದನ್ನು ನಿವಾರಿಸಬೇಕೆಂದು ಸರಕಾರವು 2023ರಲ್ಲಿ ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿತು. ಹೈಡ್ರಾಕ್ಸಿಯೂರಿಯ ಎಂಬ ಔಷಧವು ನೋವಿನ ಬಾಧೆಯನ್ನು ಕಡಿಮೆಮಾಡುತ್ತದೆ. ಎಲ್ಲಾ ರಕ್ತಹೀನತೆಗೂ ಕಬ್ಬಿಣದ ಔಷಧವೇ ಮದ್ದೆಂದು ಬಗೆಯಬಾರದು, ಮೊದಲು ರಕ್ತಪರೀಕ್ಷೆಯಾಗಬೇಕು.

ಮಗುವು ಪದೇಪದೇ ನರಳಿದರೆ ತಾಯಿಯ ಕಾಲ್ಗುಣವನ್ನು ಹಳಿಯುವದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಮೇಲಿನ ಲೆಕ್ಕವನ್ನು ತಿಳಿದವರು ಹಾಗೆ ಹಳಿಯಲಾರರು; ಈ ರೋಗದ ಬಳುವಳಿಯು ತವರಿನಿಂದ ಬಂದಷ್ಟೇ ಗಂಡನ ಮನೆಯಿಂದಲೂ ಬಂದಿರುತ್ತದೆ. ಆದುದರಿಂದ ವಿವಾಹಕ್ಕೆ ಮುಂಚೆ ವರನೂ ವಧುವೂ ರಕ್ತವನ್ನು ಪರೀಕ್ಷಿಸಿಕೊಳ್ಳುವದು ವಿವೇಕ; ವಾಹಕಳೆಂದು ತಿಳಿದ ಕನ್ನಿಕೆಯನ್ನು ತಿರಸ್ಕರಿಸುವದು ಅವಿವೇಕ. ಹುಟ್ಟುಕುರುಡನ ವಿಷಯದಲ್ಲಿ ಪಾಪವು ಯಾರದೆಂದು ಶಿಷ್ಯರು ಕೇಳಲು, ಕರ್ತನು ಅವನ ಮೇಲಾಗಲಿ ಹೆತ್ತವರ ಮೇಲಾಗಲಿ ದೋಷವನ್ನು ಹೊರಿಸಲಿಲ್ಲ. ನಾವೂ ಹೊರಿಸದಿರೋಣ.